ಟೈಪ್ ಬರೆದರೆ ಪೈಥಾನ್ ತಾನೇ ಪರೀಕ್ಷಿಸುತ್ತದೆಯೇ?

ಸಿಂಧನೂರಿನ ಗಂಜ್‌ನಲ್ಲಿ ಚೀಲದ ಮೇಲೆ ಬರೆದ ಹೆಸರನ್ನು ನಂಬಿ ಯಾರೂ ಭತ್ತಕ್ಕೆ ದರ ಕಟ್ಟುವುದಿಲ್ಲ. ಒಂದು ಹಿಡಿ ತೆಗೆದು ನೋಡುತ್ತಾರೆ. ಪ್ರೋಗ್ರಾಂ ಬರೆಯುವಾಗ ಮಾತ್ರ ನಾವು ಬರೆದ ಹೆಸರನ್ನೇ ನಂಬಿಬಿಡುತ್ತೇವೆ. ಪೈಥಾನ್ ಫಂಕ್ಷನ್‌ನಲ್ಲಿ 'ತೂಕ: ಇಂಟ್' ಎಂದು ಬರೆದರೆ ಪೂರ್ಣಾಂಕವಲ್ಲದೆ ಬೇರೇನೂ ಒಳಗೆ ಬರುವುದಿಲ್ಲ ಎಂದುಕೊಳ್ಳುತ್ತೇವೆ. ಇದು ನಿಜವೇ?

ನಿಜವಲ್ಲ. 2015ರಲ್ಲಿ ಬಂದ ಪೈಥಾನ್ 3.5 ಟೈಪ್ ಹಿಂಟ್‌ಗಳಿಗೆ ಒಂದು ಕ್ರಮ ತಂದಿತು. ಆದರೆ ಅವು ಕೋಡ್ ಓದುವವರಿಗೆ ಮತ್ತು ಮೈಪೈಯಂಥ ತಪಾಸಣಾ ಸಾಧನಗಳಿಗೆ ಸೂಚನೆ ಅಷ್ಟೆ. ಪ್ರೋಗ್ರಾಂ ಓಡುವಾಗ ಪೈಥಾನ್ ಅವನ್ನು ಕಡ್ಡಾಯ ಮಾಡುವುದಿಲ್ಲ.

ಇದರಿಂದ ಏನಾಗುತ್ತದೆ? ಲಿಂಗಸುಗೂರು, ಮಸ್ಕಿಗಳಿಂದ ಬಂದ ಭತ್ತದ ಪಟ್ಟಿಗಳನ್ನು ಸಿಂಧನೂರಿನಲ್ಲಿ ಒಟ್ಟುಗೂಡಿಸುವ ಪ್ರೋಗ್ರಾಂ ಇದೆ ಎಂದುಕೊಳ್ಳಿ. 40 ಕ್ವಿಂಟಲ್ ಭತ್ತಕ್ಕೆ 2024-25ರ ಬೆಂಬಲ ಬೆಲೆ 2,300 ರೂಪಾಯಿಯಂತೆ 92,000 ರೂಪಾಯಿ ಬರಬೇಕು. ಸಿಎಸ್‌ವಿ ಕಡತದಿಂದ ಓದಿದ '40' ಸಂಖ್ಯೆಯಲ್ಲ, ಅಕ್ಷರಗಳು. ಅದನ್ನು 2,300ರಿಂದ ಗುಣಿಸಿದರೆ ಪೈಥಾನ್ ದೋಷ ತೋರಿಸುವುದಿಲ್ಲ. '40' ಎಂಬುದನ್ನೇ 2,300 ಸಲ ಸಾಲಾಗಿ ಬರೆದು, 4,600 ಅಂಕಿಗಳ ಸಾಲನ್ನು ಕೈಗಿಡುತ್ತದೆ! ಇಷ್ಟು ಉದ್ದದ ತಪ್ಪು ಕಣ್ಣಿಗೆ ಬೀಳಬಹುದು. ಚಿಕ್ಕ ಸಂಖ್ಯೆಗಳಲ್ಲಿ ಹಾಗಲ್ಲ: '5' ಅನ್ನು 2ರಿಂದ ಗುಣಿಸಿದರೆ 10ರ ಬದಲು '55' ಬರುತ್ತದೆ. ಅದು ಸರಿಯಾದ ಲೆಕ್ಕದಂತೆಯೇ ಕಾಣುತ್ತದೆ. ನಷ್ಟ ಮಾತ್ರ ರೈತನಿಗೋ ವ್ಯಾಪಾರಿಗೋ ಆಗುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಸರಳ ದಾರಿ, ಫಂಕ್ಷನ್‌ನ ಮೊದಲ ಸಾಲಿನಲ್ಲೇ 'ಈಸ್‌ಇನ್‌ಸ್ಟನ್ಸ್' ಬಳಸಿ ಬೆಲೆಯ ಟೈಪ್ ಕೇಳುವುದು. ಹಲವು ಫಂಕ್ಷನ್‌ಗಳಿದ್ದರೆ 'ಇನ್‌ಸ್ಪೆಕ್ಟ್' ಮಾಡ್ಯೂಲ್ ಇದೆ. 2012ರ ಪೈಥಾನ್ 3.3ರಿಂದ ಇರುವ ಅದರ 'ಸಿಗ್ನೇಚರ್', ಫಂಕ್ಷನ್ ಯಾವ ಹೆಸರಿನ ಆರ್ಗ್ಯುಮೆಂಟ್‌ಗಳನ್ನು ಬೇಡುತ್ತದೆ, ಪಕ್ಕದಲ್ಲಿ ಯಾವ ಟೈಪ್ ಬರೆದಿದೆ ಎಂದು ತಿಳಿಸುತ್ತದೆ. 'ಬೈಂಡ್' ಎಂಬುದು ಫಂಕ್ಷನ್ ಓಡಿಸದೆಯೇ ಯಾವ ಬೆಲೆ ಯಾವ ಹೆಸರಿಗೆ ಸೇರಿತು ಎಂದು ಜೋಡಿಸುತ್ತದೆ; ಆರ್ಗ್ಯುಮೆಂಟ್ ಹೆಚ್ಚುಕಡಿಮೆಯಾದರೆ ದೋಷ ತೋರಿಸುತ್ತದೆ. ಆದರೆ ಟೈಪ್ ಸರಿಯಿದೆಯೇ ಎಂದು ಅದೂ ನೋಡುವುದಿಲ್ಲ. ಬರೆದ ಟೈಪನ್ನೂ ಬಂದ ಬೆಲೆಯನ್ನೂ ಹೋಲಿಸುವ ಕೆಲಸ ನಮ್ಮದೇ.

ಎರಡು ಎಚ್ಚರಿಕೆಗಳು. ಪೈಥಾನ್ ಲೆಕ್ಕದಲ್ಲಿ 'ಟ್ರೂ' ಕೂಡ ಪೂರ್ಣಾಂಕವೇ, ಹಾಗಾಗಿ ಅದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎರಡನೆಯದು, ಪ್ರತಿ ಕರೆಗೂ ಪರೀಕ್ಷೆ ನಡೆಸಿದರೆ ಪ್ರೋಗ್ರಾಂ ನಿಧಾನವಾಗುತ್ತದೆ. ಕಡತ, ಫಾರ್ಮ್, ಮೊಬೈಲ್‌ಗಳಿಂದ ಮಾಹಿತಿ ಒಳಬರುವ ಜಾಗದಲ್ಲಿ ಒಮ್ಮೆ ಪರೀಕ್ಷಿಸಿ, ಸಂಖ್ಯೆಗೆ ಬದಲಾಯಿಸಿಕೊಂಡರೆ ಬಹುಪಾಲು ಸಾಕು. ಗಂಜ್‌ನಲ್ಲೂ ಭತ್ತ ನೋಡುವುದು ಕೊಳ್ಳುವ ಮೊದಲು, ಗಿರಣಿಗೆ ಹಾಕಿದ ಮೇಲಲ್ಲ.