ಸಂಸತ್ತಿನ ಮಾತು, ಅಳಿವೆಯ ನೀರು

ಕಿತ್ತೂರಿನ ಒಕ್ಕಲಿಗನೂ ಭಟ್ಕಳದ ಮೀನುಗಾರನೂ ಲೋಕಸಭೆಗೆ ಆರಿಸಿ ಕಳುಹಿಸುವ ಪ್ರತಿನಿಧಿ ಒಬ್ಬರೇ ಎಂಬ ಸಂಗತಿಯನ್ನು ನಮ್ಮ ಓದುಗರಲ್ಲಿ ಅನೇಕರು ಗಮನಿಸಿರಲಾರರು. 2008ರ ಪುನರ್ವಿಂಗಡಣೆಯ ತರುವಾಯ ಖಾನಾಪುರ, ಕಿತ್ತೂರು, ಹಳಿಯಾಳ, ಯಲ್ಲಾಪುರ, ಶಿರಸಿ, ಕಾರವಾರ, ಕುಮಟಾ, ಭಟ್ಕಳ ವಿಧಾನಸಭಾ ಕ್ಷೇತ್ರಗಳು ಕೂಡಿ ಉತ್ತರ ಕನ್ನಡ ಲೋಕಸಭಾ ಕ್ಷೇತ್ರವಾಗಿದೆ. ಹೊನ್ನಾವರ ತಾಲ್ಲೂಕು ಕುಮಟಾ ಮತ್ತು ಭಟ್ಕಳ ಕ್ಷೇತ್ರಗಳ ನಡುವೆ ಹಂಚಿಹೋಗಿದೆ. ಆದ್ದರಿಂದ ಕಡಲತೀರದ ಈ ಮೂರು ತಾಲ್ಲೂಕುಗಳ ಕಷ್ಟಸುಖವು ಘಟ್ಟದ ಮೇಲಿನ ನಮ್ಮ ಸಮಾಜದ ಮನೆತನಗಳಿಗೆ ದೂರದ ಸಮಾಚಾರವಲ್ಲ.

ಹಾಗೆ ನೋಡಿದರೆ ಈ ನಂಟು ಮತದಾರರ ಪಟ್ಟಿಗಿಂತ ಬಹಳ ಹಳೆಯದು. ವೀರಶೈವ ಅರಸುಮನೆತನವಾದ ಕೆಳದಿಯ ನಾಯಕರು ಹೊನ್ನಾವರದ ಎದುರಿನ ನಡುಗಡ್ಡೆಯಲ್ಲಿ ಕಟ್ಟಿದ ಬಸವರಾಜದುರ್ಗ ಇಂದಿಗೂ ಕಡಲಿನಲ್ಲಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿತ್ತು. ನಮ್ಮ ಎರೆಹೊಲದ ಬೆಳೆಗೆ ಮುಂಬಯಿಯ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತುಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಆ ಹತ್ತಿಗೆ ಬಂದ ಬೆಲೆ ಎಷ್ಟೋ ಮನೆತನಗಳ ಅಂತಸ್ತನ್ನು ಏರಿಸಿತು. ಹೀಗೆ ಅಂದು ಸಮುದ್ರದ ಆಚೆಯ ಒಂದು ಕಲಹ ನಮ್ಮ ಹೊಲವನ್ನು ಮುಟ್ಟಿತ್ತು. ಇಂದು ಸಮುದ್ರವೇ ಬಿಸಿಯೇರಿ, ಮಳೆಯ ಲೆಕ್ಕಾಚಾರವನ್ನು ಕದಡಿ, ಕೆಳಗಿನ ತೀರವನ್ನೂ ಮೇಲಿನ ಹೊಲವನ್ನೂ ಒಟ್ಟಿಗೆ ಮುಟ್ಟುತ್ತಿದೆ.

ಈ ವಿಷಯವಾಗಿ ಸಂಸತ್ತಿನಲ್ಲಿ ಏನು ಚರ್ಚೆ ನಡೆಯಿತು, ಯಾರು ಏನು ಹೇಳಿದರು ಎಂಬುದನ್ನು ನಮ್ಮ ಮನೆಗಳಲ್ಲಿ ಓದುವವರು ವಿರಳ. ಚುನಾವಣೆಯ ಭಾಷಣಕ್ಕೆ ಸಿಗುವ ಕಿವಿ ಕಲಾಪದ ವರದಿಗೆ ಸಿಗುವುದಿಲ್ಲ. ಆದುದರಿಂದ ಈ ಬಾರಿ ಒಬ್ಬ ಸದಸ್ಯರ ಸಂಸದೀಯ ಕಾರ್ಯವನ್ನು ಎತ್ತಿಕೊಂಡು, ಅದು ಭಟ್ಕಳ, ಹೊನ್ನಾವರ, ಕುಮಟೆಯ ದಂಡೆಯವರೆಗೆ ಎಷ್ಟು ತಲುಪಿತು, ಎಲ್ಲಿ ನಿಂತುಹೋಯಿತು ಎಂಬುದನ್ನು ಪರಿಶೀಲಿಸಲು ನಾವು ಬಯಸಿದ್ದೇವೆ. ಆ ಸದಸ್ಯರು ಶ್ರೀ ಜೈರಾಮ್ ರಮೇಶ್. 1954ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದವರು. ಮೊದಲು ಆಂಧ್ರಪ್ರದೇಶದಿಂದ ರಾಜ್ಯಸಭೆಗೆ ಹೋಗಿ, 2016ರಲ್ಲಿಯೂ 2022ರಲ್ಲಿಯೂ ಕರ್ನಾಟಕದಿಂದ ಆಯ್ಕೆಯಾದವರು. ಅವರ ಪಕ್ಷವನ್ನು ಒಪ್ಪುವವರೂ ಒಪ್ಪದವರೂ ನಮ್ಮ ಓದುಗರಲ್ಲಿದ್ದಾರೆ. ನಮ್ಮ ಲಕ್ಷ್ಯವಿರುವುದು ದಾಖಲೆಯ ಮೇಲೆ ಮಾತ್ರ.

2009ರ ಡಿಸೆಂಬರ್ 3ರಂದು ಅವರು ಪರಿಸರ ಖಾತೆಯ ಸಚಿವರಾಗಿ ಲೋಕಸಭೆಯಲ್ಲಿ ಎದ್ದುನಿಂತರು. (ಮಂತ್ರಿಯಾದವರು ತಾವು ಸದಸ್ಯರಲ್ಲದ ಸದನದಲ್ಲಿಯೂ ಮಾತನಾಡಬಹುದು; ಮತ ಹಾಕುವಂತಿಲ್ಲ.) ಕೋಪನ್‌ಹೇಗನ್ನಿನ ಜಾಗತಿಕ ಸಮ್ಮೇಳನಕ್ಕೆ ಕೆಲವೇ ದಿನಗಳು ಉಳಿದಿದ್ದವು. ಭಾರತವು 2005ನ್ನು ಮೂಲವರ್ಷವಾಗಿಟ್ಟುಕೊಂಡು 2020ರ ಹೊತ್ತಿಗೆ ತನ್ನ ಹೊರಸೂಸುವಿಕೆಯ ತೀವ್ರತೆಯನ್ನು ಶೇಕಡಾ 20ರಿಂದ 25ರಷ್ಟು ಇಳಿಸುವುದೆಂದು ಅಂದು ಅವರು ಘೋಷಿಸಿದರು. ಹೊರಗಿನವರು ಹೇರುವ ಕಡ್ಡಾಯ ಕಡಿತವನ್ನು ಒಪ್ಪುವುದಿಲ್ಲ, ಇದು ನಾವೇ ಕೈಗೊಳ್ಳುವ ವ್ರತ ಎಂಬುದು ಅವರ ವಾದದ ಸಾರವಾಗಿತ್ತು.

'ತೀವ್ರತೆ' ಎಂಬ ಈ ಪದವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಠದ ದಾಸೋಹದ ಒಲೆಯನ್ನು ನೆನೆಯಿರಿ. ಪಂಕ್ತಿಗೆ ಕೂರುವ ಭಕ್ತರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾರೆ. ಒಟ್ಟು ಸೌದೆಯೂ ಹೆಚ್ಚಬಹುದು. ಆದರೆ ಒಳ್ಳೆಯ ಒಲೆ ಹಾಕಿಸಿದರೆ ಒಂದೊಂದು ಎಲೆಗೆ ಬೀಳುವ ಸೌದೆ ಕಡಿಮೆಯಾಗುತ್ತದೆ. ಅಂತೆಯೇ ದೇಶದ ಉತ್ಪನ್ನದ ಒಂದೊಂದು ರೂಪಾಯಿಗೆ ಎಷ್ಟು ಹೊಗೆ ಎಂಬ ಲೆಕ್ಕವೇ ತೀವ್ರತೆ. ಬಡತನ ಇನ್ನೂ ನೀಗದ ದೇಶಕ್ಕೆ ಇದು ನ್ಯಾಯವಾದ ಅಳತೆ ಎಂದು ನಮಗೂ ತೋರುತ್ತದೆ. ಆದರೆ ಒಟ್ಟು ಹೊಗೆ ಏರುತ್ತಲೇ ಇರಲು ಅದು ಅವಕಾಶ ಕೊಡುತ್ತದೆ ಎಂಬುದನ್ನು ಮರೆಯಲಾಗದು.

ಆ ಘೋಷಣೆಯನ್ನು ಪ್ರತಿಪಕ್ಷಗಳು ಆಕ್ಷೇಪಿಸಿದವು. ಭಾರತದ ಪರವಾಗಿ ಸಂಧಾನ ನಡೆಸುತ್ತಿದ್ದ ಕೆಲವು ಹಿರಿಯ ಅಧಿಕಾರಿಗಳಿಗೂ ಅದು ರುಚಿಸಲಿಲ್ಲ. ಬೇರೆ ದೇಶಗಳಿಂದ ಏನನ್ನೂ ಪಡೆಯದೆ ನಾವೇ ಮುಂಚಿತವಾಗಿ ಕೊಟ್ಟಂತಾಯಿತು ಎಂಬುದು ಅವರ ದೂರು. ಕಾಲವು ಈ ವಿವಾದವನ್ನು ಒಂದು ಮಟ್ಟಿಗೆ ತೀರ್ಮಾನಿಸಿದೆ. 2005ರಿಂದ 2020ರವರೆಗೆ ತೀವ್ರತೆ ಶೇಕಡಾ 36ರಷ್ಟು ಇಳಿಯಿತೆಂದು ಭಾರತ ಸರ್ಕಾರವು 2024ರಲ್ಲಿ ವಿಶ್ವಸಂಸ್ಥೆಗೆ ವರದಿ ಸಲ್ಲಿಸಿತು. ನಡುವೆ ಸರ್ಕಾರ ಬದಲಾಯಿತು, ಪ್ರಧಾನಿ ಬದಲಾದರು. ಅಂದು ಸದನದಲ್ಲಿ ಆಡಿದ ಮಾತು ಮಾತ್ರ ಉಳಿದು, 2022ರಲ್ಲಿ 2030ರ ವೇಳೆಗೆ ಶೇಕಡಾ 45 ಎಂಬ ಹೊಸ ಗುರಿಗೆ ಬೆಳೆಯಿತು. ಸಂಸತ್ತಿನ ಮಾತೆಂದರೆ ಗಾಳಿಮಾತು ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಅವರು ಸದನದಲ್ಲಿ ಮಂಡಿಸಿ ಪಾರುಮಾಡಿಸಿದ ಇನ್ನೊಂದು ಕಾರ್ಯವು ಸಾಮಾನ್ಯರಿಗೆ ಹೆಚ್ಚು ಹತ್ತಿರದ್ದು. ಅದು 2010ರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯಿದೆ. ಮಸೂದೆಯ ಮೂಲರೂಪದಲ್ಲಿ ದೂರು ಕೊಡುವ ಹಕ್ಕು ಸಂಕುಚಿತವಾಗಿದೆಯೆಂಬ ಟೀಕೆ ಬಂದಾಗ ತಿದ್ದುಪಡಿಗಳನ್ನು ಒಪ್ಪಿಕೊಂಡು ಆ ಬಾಗಿಲನ್ನು ಅಗಲಗೊಳಿಸಲಾಯಿತು. ದಕ್ಷಿಣ ರಾಜ್ಯಗಳ ಪೀಠ ಚೆನ್ನೈನಲ್ಲಿದೆ. ಹೊನ್ನಾವರದ ದಂಡೆಯಿಂದ ಚೆನ್ನೈ ದೂರವೇ. ಆದರೂ ಬಾಗಿಲೇ ಇಲ್ಲದಿರುವುದಕ್ಕಿಂತ ದೂರದ ಬಾಗಿಲು ಲೇಸು. 2011ರ ಜನವರಿ 6ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ ಅವರ ಕಾಲದ್ದೇ. ಕಡಲು ಮುಂದೆ ಎಲ್ಲಿಯವರೆಗೆ ಏರಿಬರಬಹುದು ಎಂಬ 'ಅಪಾಯರೇಖೆ'ಯನ್ನು ಗುರುತಿಸಬೇಕೆಂದು ಅದು ವಿಧಿಸಿತು. 2019ರ ಹೊಸ ಅಧಿಸೂಚನೆಯು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಕಡಲು ಮುಂದೆ ಬರುವ ಕಾಲದಲ್ಲಿ ಮನುಷ್ಯನೂ ಅದರತ್ತ ಮುಂದೆ ಹೋಗಬಹುದೆಂಬ ಈ ಔದಾರ್ಯ ನಮಗೆ ಅರ್ಥವಾಗಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಆಗುತ್ತಿರುವುದಾದರೂ ಏನು? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ತೀರವನ್ನು ಬಡಿದುಹೋಯಿತು. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಅರ್ಧ ಮೀಟರಿನ ಆಸುಪಾಸಿನ ಮಳೆ ಸುರಿಯಿತು. ಪೇಟೆ ನೀರಿನಲ್ಲಿ ಮುಳುಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಮಣ್ಣುಪಾಲಾದರು. ಕುಮಟೆಯ ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ಹಲವರ ಜೀವ ತೆಗೆದುದನ್ನು ನಾಡೆಲ್ಲ ಕಂಡಿದೆ. ಮಳೆಯೊಂದನ್ನೇ ದೂರಿದರೆ ಸಾಲದು, ಗುಡ್ಡದ ಬುಡ ಕಡಿದವರನ್ನೂ ಕೇಳಬೇಕು. ಗುಡ್ಡ ಕಡಿದುದನ್ನಷ್ಟೇ ದೂರಿದರೂ ಸಾಲದು, ಅಂಥ ಮಳೆ ಪದೇ ಪದೇ ಏಕೆ ಬರುತ್ತಿದೆ ಎಂದೂ ಕೇಳಬೇಕು. ಲಿಂಗನಮಕ್ಕಿ ತುಂಬಿ ನೀರು ಬಿಟ್ಟ ವರ್ಷ ಗೇರುಸೊಪ್ಪೆಯ ಕೆಳಗಿನ ಶರಾವತಿಯ ದಡದವರು ಗಂಟುಮೂಟೆ ಕಟ್ಟಿಕೊಂಡೇ ನಿದ್ರಿಸುತ್ತಾರೆ.

ಕುಮಟೆಯ ಅಘನಾಶಿನಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಯಾವ ಅಣೆಕಟ್ಟಿಗೂ ಸಿಕ್ಕದೆ ಕಡಲು ಸೇರುವ ಹೊಳೆಯಿದು. ಇದರ ಅಳಿವೆಯ 4801 ಹೆಕ್ಟೇರು ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಇಲ್ಲಿನ ಗಜನಿ ಭೂಮಿಯಲ್ಲಿ, ಮಾಣಿಕಟ್ಟೆಯ ಸುತ್ತಮುತ್ತ, ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪುನೀರಿಗೆ ಅಂಜದ ಬೆಳೆ, ಗೊಬ್ಬರ ಬೇಡದು. ಮಳೆ ಬಂದು ಉಪ್ಪು ತೊಳೆದ ಮೇಲೆ ಬಿತ್ತನೆ, ಕೊಯ್ಲಿನ ತರುವಾಯ ಅದೇ ಗದ್ದೆಗೆ ಮತ್ತೆ ಉಬ್ಬರದ ನೀರು. ಅಳಿವೆಯಲ್ಲಿ ಬಳಚು ಆರಿಸಿ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳೂ ಅನೇಕರಿದ್ದಾರೆ. ನಮ್ಮ ಆಹಾರಪದ್ಧತಿ ಬೇರೆಯಾದರೂ ಅವರದು ಕಾಯಕವೇ. ಕಡಲಿನ ಮಟ್ಟ ಗೇಣುದ್ದ ಏರಿದರೆ ಗಜನಿಯ ಕಟ್ಟೆ ಎಷ್ಟು ದಿನ ತಡೆದೀತು? ಉಪ್ಪು ಸಹಿಸುವ ಈ ಬೀಜವೇ ನಾಳೆ ದೇಶದ ಎಷ್ಟೋ ತೀರಗಳಿಗೆ ಬೇಕಾದೀತು. ಇದನ್ನು ಕಾಪಾಡುವ ರೈತನಿಗೆ ಯಾವ ಯೋಜನೆಯಲ್ಲಿ ಎಷ್ಟು ಹಣ ಎಂಬುದು ಸದನದಲ್ಲಿ ಕೇಳಲು ಯೋಗ್ಯವಾದ ಪ್ರಶ್ನೆ.

ಮತ್ತೆ ಜೈರಾಮ್ ರಮೇಶರ ಕಡೆಗೆ ಬರೋಣ. ಅವರ ಕಾರ್ಯದಲ್ಲಿ ನಮಗೆ ಕೊರತೆಯೆನಿಸುವುದು ಇಲ್ಲಿಯೇ. 2010ರ ಮಾರ್ಚ್‌ನಲ್ಲಿ ಪ್ರೊ. ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟಗಳ ತಜ್ಞರ ಸಮಿತಿಯನ್ನು ನೇಮಿಸಿದವರು ಅವರೇ. 2011ರ ಜುಲೈಯಲ್ಲಿ ಅವರ ಖಾತೆ ಬದಲಾಯಿತು. ಆಗಸ್ಟ್‌ನಲ್ಲಿ ವರದಿ ಬಂತು. ಸಚಿವಾಲಯ ಅದನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ದೆಹಲಿಯ ಉಚ್ಚ ನ್ಯಾಯಾಲಯದವರೆಗೆ ಹೋಗಿ, 2012ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಯಾವ ನೆಲವನ್ನು ಹೇಗೆ ರಕ್ಷಿಸಬೇಕೆಂಬುದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದು ಗಾಡ್ಗೀಳರು ಬಯಸಿದ್ದರು. ಅನುಭವ ಮಂಟಪದ ಪರಂಪರೆಯ ನಮಗೆ, ಎಲ್ಲ ಕಾಯಕದವರನ್ನೂ ಕೂರಿಸಿಕೊಂಡು ಮಾತನಾಡುವ ಆ ಕ್ರಮ ಸಹಜವಾಗಿಯೇ ಹಿಡಿಸುತ್ತದೆ. ಅದು ನಡೆಯಲಿಲ್ಲ. ಜನರಿಗೆ ತಲುಪಿದ್ದು ವರದಿಯಲ್ಲ, ವರದಿಯ ಭಯ. ಕಸ್ತೂರಿರಂಗನ್ ಸಮಿತಿಯ ಎರಡನೆಯ ವರದಿ ಬಂತು. ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು, ಆರನೆಯದು 2024ರ ಜುಲೈ 31ರಂದು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಅದೇ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಹಿಂದಿನ ಸರ್ಕಾರಗಳೂ ಅದನ್ನು ಒಪ್ಪಿರಲಿಲ್ಲ. ಈ ಬಾರಿ ತಿರಸ್ಕರಿಸಿದ್ದು ಶ್ರೀ ರಮೇಶರ ಪಕ್ಷದ್ದೇ ಸರ್ಕಾರ. ದೆಹಲಿಯಲ್ಲಿ ಒಂದು ಮಾತು, ಬೆಂಗಳೂರಿನಲ್ಲಿ ಇನ್ನೊಂದು ಎಂಬ ಈ ರೋಗ ಒಂದೇ ಪಕ್ಷದ್ದಲ್ಲ.

ಪ್ರತಿಪಕ್ಷದಲ್ಲಿದ್ದಾಗ ಅವರು ಪರಿಸರ ಮತ್ತು ವಿಜ್ಞಾನಕ್ಕೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರು. 2023ರ ಮಾರ್ಚ್‌ನಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು ಆ ಸಮಿತಿಗೆ ಕಳುಹಿಸದೆ ಬೇರೆ ಜಂಟಿ ಸಮಿತಿಗೆ ಒಪ್ಪಿಸಿದಾಗ ಅವರು ಪ್ರತಿಭಟಿಸಿದರು. ಆ ಪ್ರತಿಭಟನೆ ಸರಿಯಾಗಿತ್ತು. ಜಂಟಿ ಸಮಿತಿ ಗಣನೀಯವಾದ ಯಾವ ಬದಲಾವಣೆಯನ್ನೂ ಸೂಚಿಸಲಿಲ್ಲ. ಆದರೆ ಆಗಸ್ಟ್ 2ರಂದು ರಾಜ್ಯಸಭೆಯಲ್ಲಿ ಮಸೂದೆ ಅಂಗೀಕಾರವಾದ ದಿನಗಳಲ್ಲಿ ಪ್ರತಿಪಕ್ಷಗಳು ಮಣಿಪುರದ ವಿಷಯಕ್ಕಾಗಿ ಪಟ್ಟು ಹಿಡಿದಿದ್ದವು. ಆ ದುಃಖವೂ ಸಣ್ಣದಲ್ಲ. ಆದರೆ ಕಾಡಿನ ಪರವಾಗಿ ದಾಖಲಾಗಬೇಕಿದ್ದ ವಾದ ಅಷ್ಟರಮಟ್ಟಿಗೆ ದಾಖಲಾಗದೆ ಹೋಯಿತು. ಸೋಲುವ ಮತದಾನದಲ್ಲಿಯೂ ಆಡಿದ ಮಾತು ಮುಂದೆ ನ್ಯಾಯಾಲಯಕ್ಕೂ ಜನರಿಗೂ ಒದಗುತ್ತದೆಂಬುದನ್ನು 2009ರ ಡಿಸೆಂಬರನ್ನು ಕಂಡವರು ಮರೆಯಬಾರದಿತ್ತು.

ಇನ್ನು ಮುಂದಿನ ತೊಡಕು ಹೆಚ್ಚು ಕಠಿಣ. ಹೊಗೆಯಿಲ್ಲದ ವಿದ್ಯುತ್ತು ಬೇಕೆಂದು ಸಂಸತ್ತು ಹೇಳುತ್ತದೆ. ಆ ಹೆಸರಿನಲ್ಲಿಯೇ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿದ್ಧವಾಯಿತು. ವಿದ್ಯುತ್ತು ಮಿಕ್ಕಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವ ವಿಧಾನವದು. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನ ತಮ್ಮ ವಿರೋಧವನ್ನು ಸ್ಪಷ್ಟವಾಗಿಯೇ ಹೇಳಿದರು. ಅತ್ತ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಬೇಕೆಂದು ಹಾವೇರಿ, ಗದಗ ಭಾಗದ ನಮ್ಮವರೇ ಕೇಳುತ್ತಿದ್ದಾರೆ. ಬೇಡವೆಂದು ಶಿರಸಿ, ಯಲ್ಲಾಪುರದವರು ಹೇಳುತ್ತಿದ್ದಾರೆ. ಬಾಯಾರಿದವನನ್ನು ನಾವು ದೂರಲಾರೆವು. ಆದರೂ ಮಳೆಯೇ ನೆಚ್ಚಿಕೆ ಕಳೆದುಕೊಂಡಿರುವಾಗ ಹೊಳೆಗೆ 'ಹೆಚ್ಚುವರಿ ನೀರು' ಎಂಬುದು ಎಷ್ಟಿದೆ, ಯಾವ ವರ್ಷಗಳ ಲೆಕ್ಕದಲ್ಲಿದೆ ಎಂದು ಕೇಳದೆ ಕಾಲುವೆ ತೋಡುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಲೋಕಸಭೆಯಲ್ಲಿ ಪ್ರತಿ ದಿನದ ಪಟ್ಟಿಯಲ್ಲಿ 20 ಚುಕ್ಕೆಗುರುತಿನ ಪ್ರಶ್ನೆಗಳೂ 230 ಚುಕ್ಕೆರಹಿತ ಪ್ರಶ್ನೆಗಳೂ ಇರುತ್ತವೆ. ಚುಕ್ಕೆರಹಿತ ಪ್ರಶ್ನೆಗೆ ಬರುವುದು ಲಿಖಿತ ಉತ್ತರ. ಅದು ಯಾರು ಬೇಕಾದರೂ ಓದಬಹುದಾದ ದಾಖಲೆ. ಉತ್ತರ ಕನ್ನಡದ ಲೋಕಸಭಾ ಸದಸ್ಯರಾಗಿ 2024ರಲ್ಲಿ ಆಯ್ಕೆಯಾದ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿಯವರು ವಿಧಾನಸಭೆಯ ಅಧ್ಯಕ್ಷರಾಗಿದ್ದವರು. ಸದನದ ಕಟ್ಟಳೆಗಳನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅಪಾಯರೇಖೆಯ ನಕ್ಷೆಗಳು ಯಾವ ಯಾವ ಗ್ರಾಮ ಪಂಚಾಯತಿಗಳಿಗೆ ತಲುಪಿವೆ, ಅವು ಕನ್ನಡದಲ್ಲಿವೆಯೇ, ಗಜನಿ ಕಟ್ಟೆಗಳ ದುರಸ್ತಿಗೆ ಕೇಂದ್ರದ ಹಣವೆಷ್ಟು ಎಂದು ಕೇಳುವಂತೆ ಅವರಿಗೂ ಶ್ರೀ ರಮೇಶರಿಗೂ ನಮ್ಮ ಕುಟುಂಬಗಳು ಪತ್ರ ಬರೆಯಬಹುದು. ಕಿತ್ತೂರು, ಖಾನಾಪುರ, ಹಳಿಯಾಳದ ಶರಣ ಬಂಧುಗಳು ಅವಶ್ಯವಾಗಿ ಬರೆಯಬೇಕು. ಪ್ರಶ್ನೆಗೆ 15 ದಿನಗಳ ಪೂರ್ವಸೂಚನೆ ಅಗತ್ಯವಾದ್ದರಿಂದ ಅಧಿವೇಶನ ಆರಂಭವಾಗುವ ಒಂದು ತಿಂಗಳ ಮೊದಲೇ ಪತ್ರ ಅವರ ಕೈಸೇರಬೇಕು.