ಸುತ್ತಿಗೆ ಹುಡುಕಲು ಹೋಗಿ ನಿಧಿ ಕಂಡವರು

1992ರ ನವೆಂಬರ್ 16. ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸನ್ ಹಳ್ಳಿ. ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಅದನ್ನು ಹುಡುಕಿಕೊಡಲು ಬಂದ ಗೆಳೆಯ ಎರಿಕ್ ಲಾಸ್ ಅವರ ಕೈಯಲ್ಲಿ ಒಂದು ಮೆಟಲ್ ಡಿಟೆಕ್ಟರ್. ನಿವೃತ್ತಿಯ ಉಡುಗೊರೆಯಾಗಿ ಬಂದದ್ದು. ಅದು ಸದ್ದು ಮಾಡಿದಲ್ಲಿ ಅಗೆದರೆ ರೋಮನರ ಕಾಲದ ಬೆಳ್ಳಿ ಚಮಚ, ಚಿನ್ನದ ಒಡವೆ, ರಾಶಿ ನಾಣ್ಯ! ಕೊನೆಗೆ ಎಣಿಸಿದಾಗ ನಾಣ್ಯಗಳೇ ಹದಿನೈದು ಸಾವಿರದ ಹತ್ತಿರ. ಸುತ್ತಿಗೆಯೂ ಸಿಕ್ಕಿತೆನ್ನಿ.

ಬ್ರಿಟನ್ನಿನಲ್ಲಿ ಇದು ಸಾವಿರಾರು ಜನರ ಹವ್ಯಾಸ. ಇಂಥ ಸುದ್ದಿ ಕೇಳಿದ ಹುಡುಗರು ತಮಗೂ ಒಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಅಗ್ಗದ್ದನ್ನು ಕೊಳ್ಳಬಹುದೇ? ಧಾರಾಳವಾಗಿ. ಆದರೆ ಅದು ಕೆಲಸ ಮಾಡುವ ಬಗೆ ಗೊತ್ತಿರಬೇಕು.

ಯಂತ್ರದ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ಸದಾ ಬದಲಾಗುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಹಾಯಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಪುಟ್ಟ ವಿದ್ಯುತ್ ಸುಳಿಗಳು ಏಳುತ್ತವೆ. ಅವುಗಳ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಪಿ.ಯು.ಸಿ.ಯಲ್ಲಿ ಓದುವ ಫ್ಯಾರಡೆ ನಿಯಮವೇ ಇದು. ದೂರ ಹೆಚ್ಚಿದಂತೆ ಈ ಸಂಕೇತ ಥಟ್ಟನೆ ಕುಗ್ಗುತ್ತದೆ. ಸಾಧಾರಣ ಯಂತ್ರಕ್ಕೆ ನಾಣ್ಯ ಸಿಗುವುದು ಒಂದು ಗೇಣು ಆಳದವರೆಗೆ, ಅಷ್ಟೆ. ನಾಣ್ಯವನ್ನು ಹತ್ತಡಿ ಆಳದಲ್ಲಿ ಹುಡುಕುತ್ತದೆ ಎನ್ನುವ ಜಾಹೀರಾತನ್ನು ಅಲ್ಲಿಗೇ ಮಡಚಿಡಬಹುದು.

ಕಬ್ಬಿಣವನ್ನು ಬೇರೆ ಲೋಹಗಳಿಂದ ಬೇರ್ಪಡಿಸಿ ಹೇಳುವ ಸೌಲಭ್ಯ ಇರಲೇಬೇಕು. ಇಲ್ಲವಾದರೆ ದಿನವಿಡೀ ತುಕ್ಕು ಮೊಳೆ ಹೆಕ್ಕುವುದೇ ಕೆಲಸ. ಆದರೆ ಅಲ್ಯೂಮಿನಿಯಂ ಚೂರು, ತೆಳು ಚಿನ್ನದ ಉಂಗುರ ಎರಡೂ ಬಹುಮಟ್ಟಿಗೆ ಒಂದೇ ಥರ ಕೂಗುತ್ತವೆ. ಕಸದ ಬಾಯಿ ಮುಚ್ಚಿಸಲು ಹೋದರೆ ಉಂಗುರದ ಬಾಯೂ ಮುಚ್ಚೀತು. ಮಣ್ಣಿನ ಗುಣಕ್ಕೆ ಹೊಂದಿಸುವ ತಿರುಗುಗುಂಡಿ ಇದ್ದರೆ ಲೇಸು. ದೊಡ್ಡ ತಟ್ಟೆ ಆಳಕ್ಕೆ ಒಳ್ಳೆಯದು, ಆದರೆ ಭಾರ. ಅರ್ಧ ಗಂಟೆಗೇ ಹುಡುಗರ ಕೈ ಸೋಲುತ್ತದೆ. ಎಂಟೊಂಬತ್ತು ಅಂಗುಲದ್ದು ಸಾಕು. ಸಮುದ್ರತೀರದ ಒದ್ದೆ ಮರಳಿನಲ್ಲಿ ಮಾತ್ರ ಅಗ್ಗದ ಯಂತ್ರಗಳು ಸುಮ್ಮಸುಮ್ಮನೆ ಅರಚುತ್ತವೆ, ಉಪ್ಪುನೀರು ವಿದ್ಯುತ್ ಹರಿಯಬಿಡುವುದರಿಂದ. ಹೆಸರಿಲ್ಲದ ಹೊಸದಕ್ಕಿಂತ ಹೆಸರುಳ್ಳ ಕಂಪನಿಯ ಹಳೆಯದು ವಾಸಿ.

ಯಂತ್ರ ಕೈಗೆ ಬಂದರೂ ಹೊಲದ ಯಜಮಾನರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ನಿಧಿ ಸಿಕ್ಕರೆ, 1996ರ ಕಾಯ್ದೆಯ ಪ್ರಕಾರ 14 ದಿನಗಳೊಳಗೆ ತಿಳಿಸಬೇಕು. ಭಾರತದಲ್ಲಿ 1878ರಷ್ಟು ಹಿಂದೆಯೇ ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕೆಂಬ ಕಾಯ್ದೆ ಬಂತು, ಕರ್ನಾಟಕದ್ದು 1962ರದು. ರಜೆಯಲ್ಲಿ ಯಂತ್ರ ಹೊತ್ತು ಹಂಪಿಗೆ ಹೊರಡುವ ಯೋಚನೆಯಿದ್ದರೆ ಮನೆಯಲ್ಲೇ ಬಿಡುವುದು ಕ್ಷೇಮ. ಗುಡಿಗಳ ಬುಡ ಅಗೆದ ನಿಧಿಗಳ್ಳರಿಂದ ನಾಡು ಈಗಾಗಲೇ ಸಾಕಷ್ಟು ಕಳೆದುಕೊಂಡಿದೆ.

ಲಾಸ್ ಮಾಡಿದ್ದೇನು? ಒಂದಿಷ್ಟು ಅಗೆದು, ಸಂಗತಿ ದೊಡ್ಡದೆಂದು ಅರಿವಾದೊಡನೆ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ತ್ವಜ್ಞರು ಬಂದು ಜೋಪಾನವಾಗಿ ಅಗೆದದ್ದರಿಂದಲೇ, ಎಲ್ಲವನ್ನೂ ಓಕ್ ಮರದ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ಹೂತಿದ್ದರೆಂದು ಗೊತ್ತಾಯಿತು. ಬಹುಮಾನವಾಗಿ ಬಂದ ಹದಿನೇಳೂವರೆ ಲಕ್ಷ ಪೌಂಡನ್ನು ಅವರು ರೈತನೊಂದಿಗೆ ಹಂಚಿಕೊಂಡರು. ಸುತ್ತಿಗೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.