ಎರಡನೆಯ ಸಾಲಿನ ದನಿ

ಡಿಸೆಂಬರ್ ತಿಂಗಳ ಎರಡನೆಯ ವಾರ. ವಿಜಯಪುರದ ಜಲನಗರದ ಓಣಿಯೊಂದರಲ್ಲಿ ಸಂಜೆಯ ಚಳಿ ಮೆಲ್ಲನೆ ಇಳಿಯುತ್ತಿದ್ದ ಹೊತ್ತು. ಪೇಟೆಯ ಸಿದ್ಧ ಉಡುಪಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ತರುಣಿಯೊಬ್ಬಳು ದಣಿದು ಮನೆಗೆ ಬಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಕ್ರಿಸ್‌ಮಸ್ ಹಾಡೊಂದನ್ನು ಗುನುಗುತ್ತಿದ್ದಳು.

“ಅವ್ವಾ, ಕೈ ಮುಗೀತೀನಿ, ಅದೊಂದು ಹಾಡಬ್ಯಾಡ. ಕಿವಿ ಬ್ಯಾಸತ್ತಾವ.”

ತಾಯಿ ಸುಮ್ಮನಾದಳು. ರೊಟ್ಟಿಯ ಸಪ್ಪಳ ಮಾತ್ರ ಉಳಿಯಿತು.

ಮಗಳ ಮಾತು ಒರಟಾಗಿತ್ತು, ಆದರೆ ಅಕಾರಣವಾಗಿರಲಿಲ್ಲ. ಡಿಸೆಂಬರ್ ಒಂದನೆಯ ತಾರೀಖಿನಿಂದ ಆಕೆಯ ಅಂಗಡಿಯಲ್ಲಿ ಎಂಟು ಹಾಡುಗಳ ಒಂದು ಸರಪಳಿ ಬೆಳಗಿನಿಂದ ರಾತ್ರಿಯವರೆಗೆ ತಿರುಗುತ್ತಿತ್ತು. ಎಂಟು ಹಾಡಿಗೆ ಸುಮಾರು ಅರ್ಧ ಗಂಟೆ ಎಂದು ಹಿಡಿದರೂ ಹತ್ತು ಗಂಟೆಯ ದುಡಿಮೆಯಲ್ಲಿ ಪ್ರತಿಯೊಂದು ಹಾಡೂ ಇಪ್ಪತ್ತು ಸಲ ಕಿವಿಗೆ ಬೀಳುತ್ತದೆ. ಇಪ್ಪತ್ತು ದಿನಗಳಲ್ಲಿ ನಾನೂರು ಸಲ. ಗಿರಾಕಿಗೆ ಅದು ಹತ್ತು ನಿಮಿಷದ ಉಲ್ಲಾಸ. ಲೆಕ್ಕದ ಮೇಜಿನ ಹಿಂದೆ ಕುಳಿತವಳಿಗೆ ತಿಂಗಳ ಸೆರೆವಾಸ. ಅಂಗಡಿಯ ಮಿಕ್ಕವರಿಗೆ ಅದು ಬರಿಯ ಸದ್ದು. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಬೆಳೆದ ಈ ಹುಡುಗಿಗೆ ಮಾತ್ರ ಅವು ತನ್ನ ಹಾಡುಗಳು. ಪ್ರೀತಿಸಿದ್ದನ್ನೇ ಹೇಸುವಂತಾಗುವುದಕ್ಕಿಂತ ದೊಡ್ಡ ನಷ್ಟ ಯಾವುದು?

ಆ ಎಂಟರಲ್ಲಿ ಮೊದಲನೆಯದು ‘ಜಿಂಗಲ್ ಬೆಲ್ಸ್’. ಇಂಗ್ಲಿಷು ಬಾರದ ಮಗುವಿಗೂ ಬರುವ ಈ ಹಾಡಿನಲ್ಲಿ ಕ್ರಿಸ್‌ಮಸ್ ಎಂಬ ಮಾತೇ ಇಲ್ಲವೆಂಬುದು ಅನೇಕರಿಗೆ ತಿಳಿಯದು. ಜೇಮ್ಸ್ ಪಿಯರ್‌ಪಾಂಟ್ ಎಂಬಾತ ರಚಿಸಿದ ಇದು 1857ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಚ್ಚಾದಾಗ ಇದಕ್ಕಿದ್ದ ಹೆಸರು ‘ಒಂದು ಕುದುರೆಯ ತೆರೆದ ಜಾರುಬಂಡಿ’ ಎಂಬರ್ಥದ್ದು. ಹಿಮದ ಮೇಲೆ ಬಂಡಿ ಓಡಿಸುವ ಮೋಜಿನ ಹಾಡು ಅದು. ಹಿಮವನ್ನು ಎಂದೂ ಕಾಣದ ವಿಜಯಪುರಕ್ಕೂ ಅದಕ್ಕೂ ಸಂಬಂಧವೇನೆಂದು ಕೇಳುವವರು ಗೋಳಗುಮ್ಮಟದ ಮುಂದಿನ ಟಾಂಗಾವನ್ನು ನೆನೆಯಬೇಕು. ಒಂದೇ ಕುದುರೆ, ತೆರೆದ ಗಾಡಿ, ಕೊರಳಲ್ಲಿ ಗೆಜ್ಜೆ! ಹಿಮವೊಂದನ್ನು ಬಿಟ್ಟರೆ ಮಿಕ್ಕೆಲ್ಲವೂ ಇಲ್ಲಿ ಇದೆ.

ಅದೇ ಬಾಸ್ಟನ್ ಸೇರಿದ್ದ ಮಸಾಚುಸೆಟ್ಸ್ ವಸಾಹತಿನಲ್ಲಿ 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲ್ಲಿಂಗ್ ದಂಡವೆಂಬ ಶಾಸನವಿತ್ತು. ಅದನ್ನು ಹೊರಡಿಸಿದವರು ನಾಸ್ತಿಕರಲ್ಲ, ಶ್ರದ್ಧಾವಂತ ಕ್ರೈಸ್ತರೇ. ಹಬ್ಬದ ಹೆಸರಿನ ಗದ್ದಲ, ಕುಡಿತ, ಕುಣಿತಗಳು ಧರ್ಮಕ್ಕೆ ತಕ್ಕುವಲ್ಲ ಎಂಬುದು ಅವರ ವಾದ. 1681ರಲ್ಲಿ ಆ ಶಾಸನ ರದ್ದಾಯಿತು. ಹಬ್ಬದ ಹಾಡನ್ನು ಸಹಿಸದವರ ಪರಂಪರೆಯೂ ಹಾಡಿನಷ್ಟೇ ಹಳೆಯದೆಂದು ಇದರಿಂದ ತಿಳಿಯಬಹುದು.

ವಿಜಯಪುರದ ಮಣ್ಣಿಗೂ ಈ ರಾಗದ್ವೇಷಗಳು ಹೊಸವಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಷಾ ಸಂಗೀತದ ಹುಚ್ಚನೆಂದೇ ಹೆಸರಾದವನು. ಸರಸ್ವತಿಯನ್ನು ಸ್ತುತಿಸಿ, ರಾಗಗಳಿಗೆ ಹೊಂದಿಸಿ ದಖನಿ ಭಾಷೆಯಲ್ಲಿ ಆತ ರಚಿಸಿದ ಗೀತೆಗಳ ಗ್ರಂಥವೇ ‘ಕಿತಾಬ್-ಎ-ನವರಸ್’. ತನ್ನ ತಂಬೂರಿಗೆ ಆತ ‘ಮೋತಿಖಾನ್’ ಎಂದು ಹೆಸರಿಟ್ಟು ಹಾಡಿದ; ತೊರವಿಯ ಬಳಿ ನವರಸಪುರವೆಂಬ ಊರನ್ನೇ ಕಟ್ಟಿಸತೊಡಗಿದ. 1686ರಲ್ಲಿ ಇದೇ ನಗರವನ್ನು ಗೆದ್ದ ಔರಂಗಜೇಬನಾದರೋ ಅದಕ್ಕೆ ಬಹು ಮೊದಲೇ ತನ್ನ ಆಸ್ಥಾನದಲ್ಲಿ ಸಂಗೀತವನ್ನು ನಿಲ್ಲಿಸಿದ್ದವನು. ಗಾಯಕರು ಸಂಗೀತದ ಶವಯಾತ್ರೆ ನಡೆಸಿದರೆಂದೂ, ಮತ್ತೆಂದೂ ಏಳದಂತೆ ಆಳವಾಗಿ ಹೂಳಿರೆಂದು ಬಾದಶಹನು ನುಡಿದನೆಂದೂ ಇಟಲಿಯ ಪ್ರವಾಸಿ ಮನೂಚಿ ಬರೆದ ಕಥೆ ಪ್ರಸಿದ್ಧವಾಗಿದೆ. ಈಚಿನ ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ಔರಂಗಜೇಬನು ಸಂಗೀತವನ್ನು ಅರಿಯದವನಲ್ಲ, ಸವಿದು ಆಮೇಲೆ ತೊರೆದವನು ಎಂಬುದು ಅವರ ಮತ. ಹಾಗಾದರೆ ಅವನ ದ್ವೇಷದ ಬೇರೂ ಪ್ರೀತಿಯಲ್ಲೇ ಇತ್ತೆನ್ನಬೇಕು.

ಮನಶ್ಶಾಸ್ತ್ರಜ್ಞರೂ ಈ ಒಗಟನ್ನು ಬಿಡಿಸಲು ಹೊರಟಿದ್ದಾರೆ. ಒಂದು ವಸ್ತು ಪದೇ ಪದೇ ಎದುರಾದಷ್ಟೂ ಮನಸ್ಸು ಅದನ್ನು ಮೆಚ್ಚತೊಡಗುತ್ತದೆ ಎಂದು ರಾಬರ್ಟ್ ಜಾಯಾಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಡೇನಿಯಲ್ ಬರ್ಲೈನ್ ಎಂಬ ಮತ್ತೊಬ್ಬ ವಿದ್ವಾಂಸರು 1970ರ ದಶಕದಲ್ಲಿ ಅದಕ್ಕೊಂದು ಎಲ್ಲೆಯನ್ನು ಸೂಚಿಸಿದರು: ಮೆಚ್ಚುಗೆ ಗುಡ್ಡವನ್ನೇರಿದಂತೆ ಏರಿ, ತುದಿ ಮುಟ್ಟಿ, ಅನಂತರ ಇಳಿಯುತ್ತದೆ. ಈ ಸಿದ್ಧಾಂತವನ್ನು ಕಾಣಲು ವಿಜಯಪುರದವರು ಗ್ರಂಥ ತೆರೆಯಬೇಕಾಗಿಲ್ಲ. 1656ರ ಸುಮಾರಿಗೆ ಪೂರ್ಣಗೊಂಡ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಹೋದರೆ ಸಾಕು. ಒಬ್ಬನೇ ನಿಂತು ಒಂದು ಮಾತನ್ನು ಉಸುರಿದರೆ ಗುಮ್ಮಟವು ಅದನ್ನು ಏಳು ಬಾರಿ ಹಿಂದಿರುಗಿಸುತ್ತದೆ ಎಂಬುದು ಜನಜನಿತ. ಆಗ ಮೈ ಜುಮ್ಮೆನ್ನುತ್ತದೆ. ಅದೇ ಹೊತ್ತಿಗೆ ಪ್ರವಾಸ ಬಂದ ಶಾಲೆಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರೋ, ಕಿವಿ ಮುಚ್ಚಿಕೊಂಡು ಕೆಳಗಿಳಿಯುವುದೊಂದೇ ದಾರಿ. ಗುಮ್ಮಟ ಅದೇ, ಪ್ರತಿಧ್ವನಿಯೂ ಅದೇ. ಕೇಳಬೇಕೆಂದು ಕೇಳಿದ್ದಕ್ಕೂ ಕೇಳಲೇಬೇಕಾಗಿ ಬಂದದ್ದಕ್ಕೂ ಇರುವ ಅಂತರ ಅಷ್ಟು.

ತಾಯಿ ಗುನುಗುತ್ತಿದ್ದ ಹಾಡಿನ ಜಾತಿಯೇ ಬೇರೆ. ಅದು ಕನ್ನಡದ ಹಾಡು. ಉತ್ತರ ಕರ್ನಾಟಕದ ಕ್ರೈಸ್ತ ಸಭೆಗಳಲ್ಲಿ ಕನ್ನಡ ಗೀತೆಗಳು ಹಬ್ಬಿದ್ದರಲ್ಲಿ ಹತ್ತೊಂಬತ್ತನೆಯ ಶತಮಾನದ ಬಾಸೆಲ್ ಮಿಶನ್ನಿನ ಪಾಲು ದೊಡ್ಡದು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್, ದಾಸರ ಪದಗಳನ್ನು ಸಂಗ್ರಹಿಸಿ 1850ರ ಸುಮಾರಿಗೆ ಅಚ್ಚು ಹಾಕಿಸಿದವರು. ಮತಪ್ರಚಾರಕ್ಕೆಂದು ಬಂದವರು ಹರಿದಾಸರ ಹಾಡಿಗೆ ಕಿವಿಗೊಟ್ಟದ್ದು ಕನ್ನಡದ ಪುಣ್ಯವೆನ್ನಬೇಕು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1894ರ ಮಹಾ ನಿಘಂಟಿನಿಂದ ಮನೆಮಾತಾದ ಅವರು 1862ರಲ್ಲೇ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನಾಡಿನ ಪದ್ಯಜಾತಿಗಳಲ್ಲಿ ಹೇಳಿದ್ದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು.

ಛಂದಸ್ಸಿನ ಈ ಚಿಂತೆ ವಿದ್ವತ್ತಿನ ಪ್ರದರ್ಶನವಾಗಿರಲಿಲ್ಲ. ಕನ್ನಡದ ಜೀವವಿರುವುದು ಲಘು ಗುರುಗಳಲ್ಲಿ. ಪಡುವಣ ರಾಗವೊಂದಕ್ಕೆ ಕನ್ನಡದ ಮಾತನ್ನು ಹಾಗೆಯೇ ತುಂಬಿದರೆ, ರಾಗವು ಎಳೆಯುವ ಕಡೆ ಮಾತಿನ ಹ್ರಸ್ವವೂ ದೀರ್ಘವಾಗಬೇಕಾಗುತ್ತದೆ. ‘ಮನ’ವು ‘ಮಾನ’ವಾದರೆ ಹೇಗೋ ಸಹಿಸಬಹುದು, ‘ಬಲ’ವನ್ನು ಬೇಡಹೊರಟವನು ‘ಬಾಲ’ವನ್ನು ಬೇಡಿದಂತಾದರೆ ನಗೆ ತಡೆಯುವುದು ಕಷ್ಟ! ಆದ್ದರಿಂದಲೇ ಪರದೇಶದ ರಾಗವನ್ನು ಕನ್ನಡಕ್ಕೆ ಒಗ್ಗಿಸಿದವರ ಶ್ರಮವನ್ನು ಹಗುರವಾಗಿ ಎಣಿಸಬಾರದು. ಮಾತೂ ರಾಗವೂ ಹೊಂದಿಕೊಂಡ ಕಡೆ ಹಾಡು ಹೊರಗಿನದೆಂಬ ಭಾವನೆಯೇ ಅಳಿಯುತ್ತದೆ. ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1818ರ ಡಿಸೆಂಬರ್ 24ರಂದು ಗಿಟಾರಿನ ಜೊತೆ ಎರಡೇ ದನಿಗಳು ಮೊದಲು ಹಾಡಿದ ‘ಸೈಲೆಂಟ್ ನೈಟ್’ ಇಂದು ಎಷ್ಟೋ ಭಾಷೆಗಳ ಸ್ವಂತ ಹಾಡಾಗಿರುವುದು ಹೀಗೆಯೇ.

ಜಲನಗರದ ಈ ಮನೆಯಲ್ಲಿ ಆ ವರ್ಷ ಬೇರೊಂದು ಪ್ರಶ್ನೆಯೂ ಎದ್ದಿತ್ತು. ಮನೆಯ ಯಜಮಾನರು ತೀರಿಕೊಂಡು ಏಳು ತಿಂಗಳಾಗಿತ್ತು. ಹಾಡುಗಾರರ ಗುಂಪಿನಲ್ಲಿ ಮಂದ್ರದ ದನಿ ಅವರದು. ದುಃಖದ ಮನೆಗೆ ಹಬ್ಬದ ಹಾಡು ಬೇಕೇ ಎಂದು ಗುಂಪಿನ ಹಿರಿಯರು ಸಂಕೋಚದಿಂದ ಕೇಳಿಕಳುಹಿಸಿದ್ದರು. ಬೇಡವೆಂಬುದು ಮಗಳ ಇಚ್ಛೆ. ಹಾಡುಗಳೆಂದರೆ ಈಗಾಗಲೇ ರೋಸಿದ್ದಳು. ತಂದೆಯಿಲ್ಲದ ಹಾಡನ್ನು ಕೇಳುವ ಎದೆಗಾರಿಕೆಯೂ ಇರಲಿಲ್ಲ. ಎರಡರಲ್ಲಿ ಯಾವುದು ನಿಜವಾದ ಕಾರಣವೆಂದು ಆಕೆಗೇ ಸ್ಪಷ್ಟವಿರಲಿಲ್ಲ. ತಾಯಿ ಮಾತ್ರ, “ಇಪ್ಪತ್ತಾರು ವರ್ಷ ನಮ್ಮ ಅಂಗಳಕ್ಕ ಬಂದಾರ. ಈ ವರ್ಷ ದಾಟಿ ಹೋದ್ರ ಚಂದ ಕಾಣೂದಿಲ್ಲ. ಬರಲಿ,” ಎಂದಳು.

ಮತ್ತೊಂದು ಅಡಚಣೆ ನೆರೆಮನೆಯ ನಿವೃತ್ತ ಮಾಸ್ತರರದು. ವರ್ಷವರ್ಷವೂ ಹಾಡುಗಾರರು ಹನ್ನೊಂದು ಗಂಟೆಗೆ ಡೋಲು ಬಡಿಯುತ್ತ ಬಂದಾಗ ಮಾಸ್ತರರು ಕಿಟಕಿ ತೆರೆದು ಕಾನೂನು ಹೇಳುತ್ತಿದ್ದರು. ಕಾನೂನು ಅವರ ಪರವಾಗಿಯೇ ಇತ್ತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಕೂಡದು; ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳಿಗೆ ಎಡೆಯಿಲ್ಲ; 2010ರ ತಿದ್ದುಪಡಿಯ ಅನಂತರ ವಾದ್ಯಗಳಿಗೂ ಇಲ್ಲ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ, ಧಾರ್ಮಿಕ ಅಥವಾ ಸಾಂಸ್ಕೃತಿಕ ಸಂದರ್ಭಗಳಲ್ಲಿ ಮಾತ್ರ, ನಡುರಾತ್ರಿಯವರೆಗೆ ಧ್ವನಿವರ್ಧಕಕ್ಕೆ ಸರಕಾರ ಸಡಿಲಿಕೆ ಕೊಡಬಹುದು. ಮಾಸ್ತರರು ಪಕ್ಷಪಾತಿಯಲ್ಲ, ಗಣೇಶ ಚೌತಿಯ ಮಂಟಪದವರಿಗೂ ಇದೇ ಪಾಠವನ್ನು ಇಷ್ಟೇ ಗಟ್ಟಿಯಾಗಿ ಒಪ್ಪಿಸುತ್ತಿದ್ದರು.

ಆ ಸಲ ಹಾಡುಗಾರರು ಒಂಬತ್ತೂವರೆಗೇ ಬಂದರು. ಡೋಲು ತಂದಿರಲಿಲ್ಲ. ಹತ್ತು ಹನ್ನೆರಡು ಮಂದಿ ಅಂಗಳದಲ್ಲಿ ಅರ್ಧಚಂದ್ರಾಕಾರವಾಗಿ ನಿಂತು, ಅಂಗಡಿಗಳಿಗೆ ಗೊತ್ತಿಲ್ಲದ ಆ ಹಳೆಯ ಕನ್ನಡ ಹಾಡನ್ನು ನಿಧಾನವಾಗಿ ಎತ್ತಿಕೊಂಡರು. ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮಗಳು ಒಳಗೇ ಉಳಿಯಬೇಕೆಂದಿದ್ದವಳು ಎರಡನೆಯ ಸಾಲಿನ ಹೊತ್ತಿಗೆ ಹೊರಗೆ ಬಂದಳು. ತಂದೆಯ ದನಿ ಇಳಿಯುತ್ತಿದ್ದ ಆ ಜಾಗದಲ್ಲಿ ಯಾರೂ ಇಳಿಯಲಿಲ್ಲ. ಹಾಡು ಅಲ್ಲಿ ಬರಿದಾಗಿ ದಾಟಿ ಮುಂದೆ ಹೋಯಿತು. ತನ್ನೊಬ್ಬಳ ಹೊರತು ಬೇರಾರಿಗೂ ಅದು ತಿಳಿದಿರಲಾರದೆಂದು ಆಕೆ ಎಣಿಸಿದಳು.

ಕರ್ಚಿಕಾಯಿ, ಚಹಾಗಳ ಉಪಚಾರ ಮುಗಿದು ಗುಂಪು ಹೊರಟಿತು. ಗೇಟು ಮುಚ್ಚಲು ಬಂದ ಹುಡುಗಿ ಬೆಚ್ಚಿದಳು. ಗೋಡೆಯ ಆಚೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಮಾಸ್ತರರು ನಿಂತಿದ್ದರು.

“ಮಾಸ್ತರ, ನಿಮಗ ತ್ರಾಸ ಆತೇನ್ರಿ? ಇನ್ನಾ ಹತ್ತು ಹೊಡದಿಲ್ರಿ,” ಎಂದಳು.

“ತ್ರಾಸ ಇಲ್ಲವಾ ತಂಗಿ,” ಎಂದರು ಮಾಸ್ತರರು. ಸ್ವಲ್ಪ ತಡೆದು, “ಆ ಎರಡನೇ ಸಾಲಿನ್ಯಾಗ ನಿಮ್ಮಪ್ಪಾರ ದನಿ ಕೆಳಗ ಇಳೀತಿತ್ತಲ್ಲಾ... ಈ ಸಲ ಬರಲಿಲ್ಲ. ಅದಕ್ಕ ಹೊರಗ ಬಂದೆ,” ಎಂದರು.

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಕಿಟಕಿಯಿಂದ ಗದರಿದವರು ಇಷ್ಟು ವರ್ಷವೂ ಸಾಲು ಸಾಲಾಗಿ ಕೇಳಿದ್ದರು. ಬೇಡವೆನ್ನುವವನ ಕಿವಿ ಕೆಲವೊಮ್ಮೆ ಬೇಕೆನ್ನುವವನ ಕಿವಿಗಿಂತ ಎಚ್ಚರವಾಗಿರುತ್ತದೆ. ಹಾಡು ಯಾರದೆಂಬುದನ್ನು ಧರ್ಮ ನಿರ್ಣಯಿಸಬಹುದು, ಭಾಷೆ ನಿರ್ಣಯಿಸಬಹುದು. ಆದರೆ ಒಂದೇ ಓಣಿಯಲ್ಲಿ ಇಪ್ಪತ್ತಾರು ಚಳಿಗಾಲಗಳನ್ನು ಕಳೆದ ಹಾಡು ಓಣಿಗೆಲ್ಲ ಸೇರಿದ್ದೆಂಬುದರಲ್ಲಿ ಸಂದೇಹವಿಲ್ಲ.

ಮರುದಿನ ಅಂಗಡಿಯಲ್ಲಿ ಆ ಎಂಟು ಹಾಡುಗಳು ಎಂದಿನಂತೆಯೇ ತಿರುಗಿದವು. ಹುಡುಗಿಯ ಬೇಸರವೇನೂ ಮಾಯವಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗಾದರೂ ನಿಲ್ಲಿಸಬೇಕೆಂದು ಮಾಲೀಕರನ್ನು ಕೇಳಿಕೊಂಡಳು. ಅವರು ನಕ್ಕು ಒಪ್ಪಿದರು. ಆ ಅರ್ಧ ಗಂಟೆಯ ಮೌನಕ್ಕೆ ಮಿಕ್ಕ ನೌಕರರೂ ಆಕೆಯನ್ನು ಹರಸಿದರು.

ಸಂಜೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಮಾತ್ರವಿತ್ತು. ಮಗಳಿಗೆ ಬೇಸರವಾದೀತೆಂದು ತಾಯಿ ಬಾಯಿ ಕಟ್ಟಿಕೊಂಡಿದ್ದಳು. ಹುಡುಗಿ ಕೈಕಾಲು ತೊಳೆದು ಒಲೆಯ ಪಕ್ಕ ಕುಳಿತಳು.

“ಅವ್ವಾ, ಎರಡನೇ ಸಾಲು ಅಪ್ಪ ಹೆಂಗ ಹಾಡತಿದ್ದ? ಒಮ್ಮೆ ಅಂದು ತೋರಸ.”